ಕಾಟಪ್ಪನವರ ಸಿಮೆಂಟ್ ಬೆಂಚು

ಶಾಮನೂರಿನ ಅಂಚಿನಲ್ಲಿ ಹೊಸದಾಗಿ ಎದ್ದಿರುವ ಕಲ್ಪವೃಕ್ಷ ಬಡಾವಣೆಯಲ್ಲಿ ಒಂದು ಪಾರ್ಕ್ ಇದೆ. ನಕ್ಷೆಯ ಪ್ರಕಾರ ಅದು ಬಡಾವಣೆಯ ನಟ್ಟನಡುವೆ, ಚೌಕಾಕಾರವಾಗಿ, ಕಾರಂಜಿ ಸಮೇತ ಇರಬೇಕಿತ್ತು. ಸೈಟುಗಳು ಮಾರಾಟವಾಗುತ್ತಾ ಹೋದಂತೆ ಪಾರ್ಕು ನಡುವಿನಿಂದ ಬದಿಗೆ, ಬದಿಯಿಂದ ಮೂಲೆಗೆ ಸರಿಯಿತು. ಕೊನೆಗೆ ಎರಡು ರಸ್ತೆ ಕೂಡುವಲ್ಲಿ ಮೂರು ಮೂಲೆಯ ಒಂದು ತುಂಡು ಉಳಿಯಿತು. ಮೂರು ಮೂಲೆಯ ಜಾಗದಲ್ಲಿ ಮನೆ ಕಟ್ಟಲು ವಾಸ್ತು ಒಪ್ಪುವುದಿಲ್ಲ. ಹೀಗಾಗಿ ಅದು ಸಾರ್ವಜನಿಕರ ಪಾಲಿಗೆ ಬಂತು.

ಪ್ರತಿಯೊಬ್ಬ ನಾಗರಿಕನಿಗೂ ನಡೆದು ಹೋಗುವಷ್ಟು ದೂರದಲ್ಲಿ ಬಯಲು ಜಾಗ ಇರಬೇಕು ಎಂಬುದು ನಗರದ ಹೊಸ ನೀತಿ. ಆ ನೀತಿಯಂತೆ ನಮ್ಮ ತ್ರಿಕೋನಕ್ಕೆ ಬೇಲಿ ಬಂತು, ಗೇಟು ಬಂತು, ನಿಯಮಗಳ ಬೋರ್ಡು ಬಂತು. ಹುಲ್ಲಿನ ಮೇಲೆ ನಡೆಯಬಾರದು ಎಂದು ಬೋರ್ಡಿನಲ್ಲಿ ಬರೆದಿತ್ತು. ಹುಲ್ಲು ಬರುವುದು ಬಾಕಿ ಇತ್ತು. ಕೂರುವ ಏರ್ಪಾಡು ಮಾತ್ರ ಸಾರ್ವಜನಿಕರ ಸಹಭಾಗಿತ್ವದಲ್ಲಿ ಆಗಬೇಕೆಂದು ನೀತಿ ಹೇಳುತ್ತಿತ್ತು. ಅಂದರೆ ಕೂರಬೇಕು ಅನ್ನಿಸಿದವರು ತಮ್ಮ ಬೆಂಚು ತಾವೇ ತರಬೇಕು.

ಮೊದಲ ಬೆಂಚು ತಂದವರು ಟೈರ್ ಅಂಗಡಿಯ ಯೋಗರಾಜ್. ಬೆಂಚಿನ ಬೆನ್ನಿನ ಮೇಲೆ ಅವರ ತಂದೆಯ ಹೆಸರು ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಅಂದಿನಿಂದ ಯೋಗರಾಜರ ನಡಿಗೆಯೇ ಬದಲಾಯಿತು. ಸಂಜೆ ಪಾರ್ಕಿಗೆ ಬಂದು, ಬೆಂಚಿನಲ್ಲಿ ಕೂತವರ ಮುಂದೆ ನಿಂತು, "ಕೂಡ್ರಿ, ಕೂಡ್ರಿ, ಏಳಬ್ಯಾಡ್ರಿ. ನಮ್ಮ ಅಪ್ಪಾಜೀದೇ ಬೆಂಚು" ಎನ್ನುತ್ತಿದ್ದರು. ಕೂತವರು ಏಳುತ್ತಿದ್ದರು.

ಹಾಗೆ ಎದ್ದವರಲ್ಲಿ ನಮ್ಮ ಕಾಟಪ್ಪನವರೂ ಒಬ್ಬರು. ಮೆಕ್ಕೆಜೋಳದ ಮಂಡಿಯಲ್ಲಿ ಜೀವಮಾನವೆಲ್ಲ ಚೀಲ ತೂಗಿ ನಿವೃತ್ತರಾದ ಮನುಷ್ಯ. ದಾವಣಗೆರೆಯ ಯಾವ ಗೋಡೆ, ಯಾವ ಕಲ್ಲು, ಯಾವ ಬೋರ್ಡಿನ ಮೇಲೂ ಅವರ ಹೆಸರಿರಲಿಲ್ಲ. ಸ್ವಂತ ಮನೆಯ ಮೇಲೂ ಹೆಂಡತಿಯ ಹೆಸರಿನಲ್ಲಿ "ಉಚ್ಚೆಂಗೆಮ್ಮ ನಿಲಯ" ಎಂದೇ ಇತ್ತು. ಸೈಟು ಹೆಂಡತಿಯ ತವರಿನವರು ಕೊಟ್ಟದ್ದು, ಹೆಸರೂ ಅವರೇ ಕೊಟ್ಟಿದ್ದರು. ಇನ್ನೊಬ್ಬರ ಅಪ್ಪನ ಬೆಂಚಿನಿಂದ ಎದ್ದು ಮನೆಗೆ ಬಂದ ಆ ಸಂಜೆ ಕಾಟಪ್ಪನವರು ತಮಗೂ ಒಂದು ಬೆಂಚು ಬೇಕೆಂದು ತೀರ್ಮಾನಿಸಿದರು.

ಮರುದಿನವೇ ಪಾರ್ಕುಗಳ ಕಚೇರಿಗೆ ಹೋದರು. ಅಲ್ಲಿ ಚೌಡೇಶ್ ಎಂಬ ಯುವ ಅಧಿಕಾರಿ ಇದ್ದರು. ನಿಯಮಗಳನ್ನು ಬೇರೆಯವರು ಬಾಯಿಪಾಠ ಮಾಡುತ್ತಾರೆ, ಇವರು ನಂಬುತ್ತಿದ್ದರು.

"ಒಂದು ಬೆಂಚು ಕೊಡಬೇಕಂತ ಮಾಡೀನಿ ಸಾಹೇಬ್ರೆ. ಕಾಟಪ್ಪ ಅಂತ ಹೆಸರು ಬರೆಸ್ತೀನಿ."

"ಭಾಳ ಒಳ್ಳೇದು. ಕಾಟಪ್ಪನೋರು ತೀರಿಕೊಂಡಿದ್ದು ಯಾವಾಗ?"

"ನಾನೇ ಕಾಟಪ್ಪ."

ಚೌಡೇಶ್ ಪೆನ್ನು ಕೆಳಗಿಟ್ಟರು. "ಹಂಗಾದ್ರೆ ಆಗಲ್ಲ ಬಿಡ್ರಿ. ಜೀವಂತ ಇರೋರ ಹೆಸರು ಪಾರ್ಕಿನಾಗೆ ಎಲ್ಲೂ ಕಾಣಂಗಿಲ್ಲ, ಹೊಸ ನಿಯಮ. ಇಲ್ಲಾಂದ್ರೆ ಎಲೆಕ್ಷನ್‌ಗೆ ನಿಂತೋರೆಲ್ಲ ಗಿಡಗಿಡಕ್ಕೂ ಹೆಸರು ಬರೆಸ್ತಾರೆ."

"ಮತ್ತೆ ನಾನೇನ್ ಮಾಡ್ಬೇಕು?"

"ಕಾಯ್ರಿ" ಎಂದರು ಚೌಡೇಶ್.

ಕಾಯುವುದಕ್ಕೆ ಕಾಟಪ್ಪನವರ ತಕರಾರಿರಲಿಲ್ಲ. ಆದರೆ ಕಾದ ಮೇಲೆ ಬೆಂಚು ನೋಡಲು ತಾವಿರುವುದಿಲ್ಲ ಎಂಬುದು ಸಿಟಿ ಬಸ್ಸಿನಲ್ಲಿ ಹೊಳೆಯಿತು. ಅದರ ಹಿಂದೆಯೇ ಇನ್ನೊಂದೂ ಹೊಳೆಯಿತು. ಅವರ ಮನೆತನದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ. ಲೋಕಿಕೆರೆಯ ಅಜ್ಜನ ಹೆಸರೂ ಕಾಟಪ್ಪನೇ! ಬದುಕಿದಷ್ಟು ದಿನ ನೆಲ ಬಿಟ್ಟು ಮೇಲೆ ಕೂರದ ಆ ಅಜ್ಜನನ್ನು ಕಾಟಪ್ಪನವರು ಅಷ್ಟು ಪ್ರೀತಿಯಿಂದ ನೆನೆದದ್ದು ಅದೇ ಮೊದಲು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಕಚೇರಿಗೆ ನಡೆದರು.

"ನಮ್ಮ ಅಜ್ಜ ಲೋಕಿಕೆರೆ ಕಾಟಪ್ಪ. ತೀರಿಕೊಂಡು ಭಾಳ ವರ್ಷ ಆತು ಸಾಹೇಬ್ರೆ."

"ಇದು ಸರಿ" ಎಂದು ಚೌಡೇಶ್ ಸಂತೋಷಪಟ್ಟರು. ಒಮ್ಮೆ ಇಟ್ಟ ಬೆಂಚು ಸಾರ್ವಜನಿಕ ಆಸ್ತಿಯಾಗುತ್ತದೆ, ಅದರ ಮೇಲಿನ ಒಂದಕ್ಷರವನ್ನೂ ಆಮೇಲೆ ಯಾರೂ ಅಳಿಸುವಂತಿಲ್ಲ ಎಂದು ವಿವರಿಸಿದರು. ಕಾಟಪ್ಪನವರು ತಲೆಯಾಡಿಸಿದರು. ಅವರ ಕಿವಿ ಆಗಲೇ ಬೆಂಚಿನ ಹತ್ತಿರ ಹೋಗಿಬಿಟ್ಟಿತ್ತು.

ಹರಿಹರ ರಸ್ತೆಯಲ್ಲಿ ಸಿಮೆಂಟಿನ ರಿಂಗು, ತುಳಸಿಕಟ್ಟೆ, ಬೆಂಚು ಮಾಡುವ ಮಸ್ತಾನಸಾಬ್ ಅಕ್ಷರವನ್ನೂ ತಾವೇ ಬರೆಯುತ್ತಾರೆ. ನಾಲ್ಕು ಜನ ಕೂರುವ ಬೆಂಚು ಸಿದ್ಧವಾದ ದಿನ ಅವರು ಕುಂಚ ಹಿಡಿದು ಕೇಳಿದರು.

"ಇಸವಿ ಏನ್ ಹಾಕ್ಲಿ?"

"ಇಸವಿ ಬ್ಯಾಡ."

"ಲೋಕಿಕೆರೆ ಅಂತ?"

"ಬ್ಯಾಡ."

"ಅಜ್ಜ ಅಂತ?"

"ಅದೂ ಬ್ಯಾಡ. ಹೆಸರು ಮಾತ್ರ ದೊಡ್ಡದಾಗಿ ಬರೀರಿ."

"ಹಂಗಾದ್ರೆ ಓದಿದೋರು ನಿಮ್ದೇ ಅನ್ಕೋತಾರಲ್ರಿ?"

ಕಾಟಪ್ಪನವರು ರಸ್ತೆಯ ಕಡೆ ನೋಡಿದರು. "ಅನ್ಕೊಂಡ್ರೆ ಅನ್ಕೊಳ್ಳಲಿ ಬಿಡ್ರಿ, ಪಾಪ."

"ಆದ್ರೆ ದಿವಂಗತ ಅಂತ ಹಾಕ್ಲೇಬೇಕು. ಆಫೀಸ್‌ನೋರು ಬಂದು ನೋಡ್ತಾರೆ."

"ಅದನ್ನ ಸಣ್ಣಗೆ ಬರೀರಿ."

ಮಸ್ತಾನಸಾಬರು ತಮ್ಮ ಕಸುಬಿನಲ್ಲಿ ರಾಜಿ ಮಾಡಿಕೊಳ್ಳುವವರಲ್ಲ. ಎಲ್ಲ ಅಕ್ಷರವನ್ನೂ ಒಂದೇ ಅಳತೆಯಲ್ಲಿ ಬರೆದರು. ಬೆಂಚು ಉದ್ದವಾಗಿದ್ದರಿಂದ ಬರಹವನ್ನು ಮೂರು ಕಡೆ ಹಂಚಿದರು. ಎಡಗಡೆ "ದಿವಂಗತ", ನಟ್ಟನಡುವೆ "ಶ್ರೀ ಕಾಟಪ್ಪನವರು", ಬಲಗಡೆ "ಇವರ ಸ್ಮರಣಾರ್ಥ".

ಬೆಂಚು ಪಾರ್ಕಿಗೆ ಬಂದ ದಿನ ಕಾಟಪ್ಪನವರು ಅದರ ಬೆನ್ನಿಗೆ ಚೆಂಡುಹೂವಿನ ಹಾರ ಹಾಕಿದರು. ಕಾಯಿ ಒಡೆದರು. ಹಾರ ಹಾಕಿದ ತಮ್ಮ ಹೆಸರನ್ನು ಎಲ್ಲ ಕೋನಗಳಿಂದಲೂ ನೋಡಿದರು. ಅವರದು ಗುಂಡಿ ಒತ್ತುವ ಹಳೆಯ ಫೋನಾದ್ದರಿಂದ ಹೆಂಡತಿಯ ಫೋನಿನಲ್ಲಿ ಫೋಟೊ ತೆಗೆದರು. ಹೆಂಡತಿಯ ತವರಾದ ಹರಿಹರದವರ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಿದರು. ಜೊತೆಗೆ ಏನಾದರೂ ಬರೆಯಬೇಕೆಂದಿದ್ದರು, ಅಷ್ಟರಲ್ಲಿ ಬ್ಯಾಟರಿ ಮುಗಿಯಿತು. ಮನೆಗೆ ಬಂದು ಫೋನನ್ನು ಚಾರ್ಜಿಗೆ ಹಾಕಿ, ಊಟ ಮಾಡಿ, ಸಾರ್ಥಕ ಭಾವದಿಂದ ಮಲಗಿದರು.

ಓದುಗರು ಈಗ ಹರಿಹರದ ಕಡೆಯಿಂದ ಯೋಚಿಸಬೇಕು. ಉಚ್ಚೆಂಗೆಮ್ಮನವರ ಫೋನಿನಿಂದ, ಒಂದು ಮಾತೂ ಇಲ್ಲದೆ, ಹಾರ ಹಾಕಿದ ಒಂದು ಫೋಟೊ ಬಂದಿದೆ. ಅದರಲ್ಲಿ ಅವರ ಗಂಡನ ಹೆಸರಿದೆ, ಹೆಸರಿನ ಹಿಂದೆ ದಿವಂಗತ ಎಂದಿದೆ. ಫೋನ್ ಮಾಡಿದರೆ ಸ್ವಿಚ್ ಆಫ್. ಗುಂಪಿನಲ್ಲಿ ಯಾರೋ ಒಬ್ಬರು "ಓಂ ಶಾಂತಿ" ಎಂದರು. ಉಳಿದವರಿಗೆ ಅಷ್ಟೇ ಸಾಕಾಯಿತು. ಒಬ್ಬರು ಮಾತ್ರ ಎಂದಿನಂತೆ "ಹುಟ್ಟುಹಬ್ಬದ ಶುಭಾಶಯಗಳು" ಎಂದು ಹಾಕಿ, ಬೈಸಿಕೊಂಡು ಅಳಿಸಿದರು.

ಇಳಿಹೊತ್ತಿಗೆ ಮನೆಯ ಮುಂದೆ ಒಂದು ಟೆಂಪೊ ನಿಂತಿತು. ಉಚ್ಚೆಂಗೆಮ್ಮನವರ ತಮ್ಮ ಉಚ್ಚೆಂಗಪ್ಪ, ಅವರ ಹೆಂಡತಿ ಲತಾ, ಮತ್ತೆ ಹರಿಹರದ ಒಂದು ಬೀದಿಯಷ್ಟು ಬಳಗ ಆಳೆತ್ತರದ ಹಾರದೊಂದಿಗೆ ಇಳಿಯಿತು. ಕಾಟಪ್ಪನವರು ಬನಿಯನ್ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದರು. ಉಚ್ಚೆಂಗಪ್ಪ ಕಣ್ಣೀರು ಒರೆಸಿಕೊಳ್ಳುತ್ತಾ ಅವರನ್ನೇ ಕೇಳಿದರು.

"ಎಲ್ಲಿ ಮಲಗಿಸೀರಿ ಭಾವನ್ನ?"

"ಯಾವ ಭಾವನ್ನ?"

"ನಮ್ಮ ಕಾಟಪ್ಪ ಭಾವನ್ನ... ಅಯ್ಯೋ, ಎಂಥಾ ಮನುಷ್ಯ!" ಎಂದು ಉಚ್ಚೆಂಗಪ್ಪ ಕಂಬ ಹಿಡಿದು ನಿಂತರು. ಆಮೇಲೆ ನಿಧಾನಕ್ಕೆ ಮಂಡಕ್ಕಿಯ ತಟ್ಟೆ ನೋಡಿದರು, ತಟ್ಟೆ ಹಿಡಿದ ಕೈ ನೋಡಿದರು, ಮುಖ ನೋಡಿದರು. "ಭಾವ! ನೀವು ಮಿರ್ಚಿ ತಿನ್ನಾಕ ಹತ್ತೀರಿ!"

"ಬರ್ರಿ, ಕೂಡ್ರಿ, ಬಿಸಿ ಐದಾವೆ" ಎಂದರು ಕಾಟಪ್ಪ. ಇಷ್ಟು ಜನ ಬೆಂಚು ನೋಡಲು ಹರಿಹರದಿಂದ ಬಂದದ್ದು ಅವರಿಗೆ ಹೆಮ್ಮೆಯೇ ಆಗಿತ್ತು.

ನಿದ್ದೆಯಿಂದ ಎದ್ದು ಬಂದ ಉಚ್ಚೆಂಗೆಮ್ಮನವರನ್ನು ಹೆಂಗಸರೆಲ್ಲ ತಬ್ಬಿಕೊಂಡು ಅತ್ತರು. ಗಂಡ ಬದುಕಿರುವುದು ಗೊತ್ತಾದ ಮೇಲೂ, ಅಷ್ಟು ದೂರದಿಂದ ಬಂದದ್ದಕ್ಕೆ, ಸ್ವಲ್ಪ ಹೊತ್ತು ಅತ್ತರು. ಹಾರ ಏನು ಮಾಡುವುದೆಂಬ ಪ್ರಶ್ನೆ ಬಂತು. "ಹೂವಿನೋನು ವಾಪಸ್ ತಗಳಲ್ಲ" ಎಂದರು ಲತಾ. ಕೊನೆಗೆ ಅದನ್ನೂ ಒಯ್ದು ಬೆಂಚಿಗೇ ಹಾಕಲಾಯಿತು. ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಫೋಟೊ ಹರಿಹರದಲ್ಲೇ ಉಳಿಯಲಿಲ್ಲ.

ಉಚ್ಚೆಂಗಪ್ಪನವರ ಮಗಳು ಸ್ವಾತಿಯ ಮದುವೆ ಹತ್ತಿರ ಬಂದಿತ್ತು. ಓದುವ ವರ್ಷಗಳಲ್ಲೆಲ್ಲ ಸ್ವಾತಿ ದಾವಣಗೆರೆಯ ಈ ಮನೆಯಲ್ಲೇ ಇದ್ದವಳು. ಮಕ್ಕಳಿಲ್ಲದ ಉಚ್ಚೆಂಗೆಮ್ಮನವರೇ ದಿನಾ ಬೆಳಿಗ್ಗೆ ಅವಳ ಜಡೆ ಹೆಣೆದು ಕಾಲೇಜಿಗೆ ಕಳಿಸಿದ್ದರು. ಮದುಮಗಳಿಗೆ ಮೊದಲ ಅರಿಶಿನ ಹಚ್ಚುವುದು ಸೋದರತ್ತೆ. ಅದಕ್ಕೆಂದೇ ಅವರು ಹಸಿರು ರೇಷ್ಮೆ ಸೀರೆ ತೆಗೆದಿಟ್ಟು, ವಾರಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಮಡಿಸಿಡುತ್ತಿದ್ದರು. ಒಂದು ಬೆಳಿಗ್ಗೆ ಲತಾ ಫೋನ್ ಮಾಡಿದರು.

"ಅಕ್ಕಾ, ತಪ್ಪು ತಿಳೀಬ್ಯಾಡ್ರಿ. ಆನಗೋಡಿನ ಬೀಗರು ಫೋಟೊ ನೋಡ್ಯಾರೆ. ಅದು ಅಜ್ಜನ ಹೆಸರು ಅಂತ ನಾವು ಹೇಳಿದ್ವಿ, ಅವರು ನಂಬವಲ್ರು. ಗಂಡ ಇಲ್ಲದೋರು ಮೊದಲ ಅರಿಶಿನ ಹಚ್ಚಬಾರದು ಅಂತ ಬೀಗಿತಿ ಹಟ ಹಿಡ್ದಾರೆ. ನೀವು ಮದುವೆಗೆ ಬರ್ರಿ, ಆದ್ರೆ ಶಾಸ್ತ್ರಕ್ಕೆ ಮುಂದೆ ಬರಬ್ಯಾಡ್ರಿ."

ಉಚ್ಚೆಂಗೆಮ್ಮ ಫೋನ್ ಇಟ್ಟರು. ಆಮೇಲೆ, "ಗಂಡ ಸತ್ತೋಳಾದ್ರೂ ಅತ್ತಿ ಅತ್ತೀನೇ ಅಲ್ವೇನ್ರಿ? ಜಡೆ ಹಾಕಿದ ಕೈ ಅದೇ ಅಲ್ವಾ?" ಎಂದರು. ಅವರ ಕಣ್ಣು ತುಂಬಿತ್ತು. ಕಾಟಪ್ಪನವರು ತಾವು ಬದುಕಿರುವುದನ್ನು ಸಾಬೀತು ಮಾಡಿಯೇ ಬರುತ್ತೇನೆಂದು ಶರ್ಟು ಹಾಕಿಕೊಂಡು ಆನಗೋಡಿನ ಬಸ್ಸು ಹತ್ತಿದರು.

ಬೀಗರ ಮನೆಯಲ್ಲಿ ಒಳ್ಳೆಯ ಉಪಚಾರವಾಯಿತು. ಕಾಫಿ ಕೊಟ್ಟು, "ನಿಮ್ಮ ಅಣ್ಣನ ಹಂಗೇ ಐದೀರಿ ನೋಡ್ರಿ" ಎಂದರು. ಕಾಟಪ್ಪನವರು ನಾನೇ ಅವನು ಎಂದು ಆಧಾರ್ ಕಾರ್ಡ್ ತೆಗೆದು ತೋರಿಸಿದರು. ಅದರಲ್ಲಿದ್ದ ಫೋಟೊ ನೋಡಿ ಬೀಗಿತಿಯ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಬಡಾವಣೆಯಲ್ಲೂ ಪರಿಸ್ಥಿತಿ ಸರಿಯಿರಲಿಲ್ಲ. ಬೆಂಚಿನ ಮೇಲೆ ಯಾರೂ ಕೂರುತ್ತಿರಲಿಲ್ಲ. "ಬದುಕಿರೋರಿಗೇ ದಿವಂಗತ ಅಂದೈತೆ ಆ ಬೆಂಚು. ಅದರ ಮೇಲೆ ಕೂತು ನಮಗೇನರ ಆದ್ರೆ?" ಎಂದು ಯೋಗರಾಜರು ಗೇಟಿನಲ್ಲೇ ನಿಂತು ಸಾರುತ್ತಿದ್ದರು. ಅವರಪ್ಪನ ಬೆಂಚಿಗೆ ಮಾತ್ರ ಎಂದಿಲ್ಲದ ಬೇಡಿಕೆ. ಶುಕ್ರವಾರ ಅರಿಶಿನ ಕುಂಕುಮ ಕೊಡಲು ಉಚ್ಚೆಂಗೆಮ್ಮನವರ ಮನೆಗೆ ಬಂದ ಯೋಗರಾಜರ ಹೆಂಡತಿ ಬಾಗಿಲಲ್ಲಿ ತಟ್ಟೆ ಹಿಡಿದು ತಡೆದು ನಿಂತರು. ಒಳಗೆ ಪೇಪರ್ ಓದುತ್ತಿದ್ದ ಕಾಟಪ್ಪನವರನ್ನು ನೋಡಿದರು. ಆದರೂ ನಿರ್ಧಾರವಾಗದೆ, ಹೂವು ಮಾತ್ರ ಕೊಟ್ಟು, ಕುಂಕುಮದ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಹೋದರು.

ಕಾಟಪ್ಪನವರು ಮತ್ತೆ ಚೌಡೇಶರ ಮುಂದೆ ನಿಂತರು.

"ಆ ಹೆಸರು ಅಳಿಸಿಬಿಡ್ತೀನಿ ಸಾಹೇಬ್ರೆ."

"ಸಾರ್ವಜನಿಕ ಆಸ್ತಿ. ಅಳಿಸಿದ್ರೆ ಕೇಸ್ ಆಗ್ತೈತೆ."

"ದಿವಂಗತ ಅನ್ನೋದೊಂದು?"

"ಅದನ್ನ ತೆಗೆದ್ರೆ ಜೀವಂತ ಇರೋರ ಹೆಸರಾಗ್ತೈತೆ. ಅದಂತೂ ಆಗಂಗೇ ಇಲ್ಲ."

"ಬೆಂಚನ್ನೇ ಮನೆಗೆ ಒಯ್ತೀನಿ."

"ಕಳ್ಳತನ."

"ಮ್ಯಾಲೊಂದು ಬಟ್ಟೆ ಹೊದಿಸ್ತೀನಿ."

"ಬಯಲು ಜಾಗದಾಗೆ ಬಟ್ಟೆ ಹರವೋದು, ಒಣಗಿಸೋದು ನಿಷೇಧ. ಬೋರ್ಡ್ ಓದಿಲ್ವೇನ್ರಿ?"

ಕಾಟಪ್ಪನವರು ಕುರ್ಚಿಯ ಹಿಡಿಕೆ ಹಿಡಿದುಕೊಂಡರು. "ಹೋಗ್ಲಿ, ಆ ಬೆಂಚಿನ ಜೊತೀಗೆ ನಾನು ಏನು ಮಾಡಬೋದು, ಅದನ್ನಾದ್ರೂ ಹೇಳ್ರಿ."

ಚೌಡೇಶ್ ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದರು. ಪ್ರಾಮಾಣಿಕರು, ಸುಳ್ಳು ಹೇಳುವವರಲ್ಲ.

"ಕೂರಬೋದು" ಎಂದರು.

ಈ ತೀರ್ಪನ್ನು ಹೊತ್ತುಕೊಂಡು ಕಾಟಪ್ಪನವರು ಮನೆಗೆ ಬಂದಾಗ ಉಚ್ಚೆಂಗೆಮ್ಮ ಹಸಿರು ಸೀರೆಯನ್ನು ಬೀರುವಿನ ಕೆಳಗಿನ ಖಾನೆಗೆ ಇಡುತ್ತಿದ್ದರು. ಗಂಡ ಹೇಳಿದ್ದನ್ನೆಲ್ಲ ಕೇಳಿ, ಇಟ್ಟ ಸೀರೆಯನ್ನು ವಾಪಸ್ ತೆಗೆದರು.

"ಕೂರಬೋದು ಅಂದ್ರಾ?"

"ಅಂದ್ರು."

"ಹಂಗಾದ್ರೆ ನಡೀರಿ, ಕೂರಾಣ."

ಪಾರ್ಕು ಆದಾಗಿನಿಂದ ಉಚ್ಚೆಂಗೆಮ್ಮ ಅದರೊಳಗೆ ಕಾಲಿಟ್ಟಿರಲಿಲ್ಲ. ಪ್ರತಿಯೊಬ್ಬ ನಾಗರಿಕನಿಗೂ ಎಂದು ನೀತಿ ಹೇಳಿದರೂ ಸಂಜೆ ಅಲ್ಲಿ ಇರುತ್ತಿದ್ದುದು ಬರೀ ಗಂಡಸರು. ಅಂದು ಅವರು ರೇಷ್ಮೆ ಸೀರೆ ಉಟ್ಟು, ಮೊಳ ಮಲ್ಲಿಗೆ ಮುಡಿದು, ರಸ್ತೆಯ ಆ ತುದಿಗೂ ಕಾಣುವಂಥ ಕುಂಕುಮ ಇಟ್ಟುಕೊಂಡು ಗೇಟು ದಾಟಿದರು. ಬಾಡಿದ ಹಾರಗಳನ್ನು ಕಿತ್ತು ಬದಿಗಿಟ್ಟರು.

ಕಾಟಪ್ಪನವರು ಬೆಂಚಿನ ಒಂದು ತುದಿಯಲ್ಲಿ ಕೂತರು. ಉಚ್ಚೆಂಗೆಮ್ಮ ಇನ್ನೊಂದು ತುದಿಯಲ್ಲಿ ಕೂತರು. ನಾಲ್ಕು ಜನರ ಎದುರು ಗಂಡ ಹೆಂಡತಿ ಪಕ್ಕಪಕ್ಕ ಕೂರುವ ಪದ್ಧತಿ ಅವರ ಕಾಲದಲ್ಲಿರಲಿಲ್ಲ. ಈಗ ಹೊಸದಾಗಿ ಶುರು ಮಾಡುವುದು ಇಬ್ಬರಿಗೂ ಹೊಳೆಯಲಿಲ್ಲ. ಇವರು ಬಲಕ್ಕೆ ನೋಡಿದರು, ಅವರು ಎಡಕ್ಕೆ ನೋಡಿದರು.

"ಯೋಗರಾಜಣ್ಣ, ಬರ್ರಿ ಇಲ್ಲಿ, ಒಂದು ಫೋಟೊ ಹೊಡೀರಿ" ಎಂದು ಉಚ್ಚೆಂಗೆಮ್ಮ ಫೋನು ಚಾಚಿದರು. ಒಲ್ಲೆ ಎನ್ನುವ ಧೈರ್ಯ ಯೋಗರಾಜರಿಗೆ ಬರಲಿಲ್ಲ. ಫೋಟೊ ಹೊಡೆದವರು ಫೋನನ್ನು ವಾಪಸ್ ಕೊಡದೆ ಹಾಗೇ ನೋಡುತ್ತಾ ನಿಂತರು.

"ಯಾಕ, ಏನಾತು?" ಎಂದರು ಕಾಟಪ್ಪ.

ಫೋಟೊದಲ್ಲಿ ದಿವಂಗತ ಎಂಬುದರ ಮೇಲೆ ಕಾಟಪ್ಪನವರ ಬೆನ್ನಿತ್ತು. ಇವರ ಸ್ಮರಣಾರ್ಥ ಎಂಬುದರ ಮೇಲೆ ಉಚ್ಚೆಂಗೆಮ್ಮನವರ ಹಸಿರು ಸೀರೆಯಿತ್ತು. ಇಬ್ಬರ ನಡುವಿನ ಖಾಲಿ ಜಾಗದಲ್ಲಿ, ನೀಲಿ ಬಣ್ಣದಲ್ಲಿ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, "ಶ್ರೀ ಕಾಟಪ್ಪನವರು" ಎಂದು ಬರೆದಿತ್ತು.

ಫೋಟೊ ಹರಿಹರಕ್ಕೆ ಹೋಯಿತು, ಹರಿಹರದಿಂದ ಆನಗೋಡಿಗೆ ಹೋಯಿತು. ರಾತ್ರಿ ಊಟದ ಹೊತ್ತಿಗೆ ಲತಾ ಫೋನ್ ಮಾಡಿದರು.

"ಅಕ್ಕಾ, ಬೀಗಿತಿ ಒಪ್ಪಿದ್ರು!"

"ಹೆಸರು ನೋಡಿದ್ರಾ?"

"ಹೆಸರು ಅಲ್ರಿ. ಅದರಾಗೆ ಮೋಸ ಇರ್ತೈತೆ ಅಂದ್ರು. ನೀವಿಬ್ರೂ ಕೂತಿದ್ದು ನೋಡಿದ್ರು. ಇಷ್ಟು ದೂರ ಕೂತು, ಒಬ್ರು ಆಕಡೆ ಒಬ್ರು ಈಕಡೆ ಮುಖ ಮಾಡೋರು ಗಂಡ ಹೆಂಡ್ತಿ ಬಿಟ್ಟು ಬ್ಯಾರೆ ಯಾರೂ ಅಲ್ಲ ಅಂದ್ರು."

ಗುಂಪಿನಲ್ಲಿ ಅಭಿನಂದನೆಗಳು ಸುರಿದವು. ಒಬ್ಬರು ಈ ಸಲವೂ "ಓಂ ಶಾಂತಿ" ಎಂದೇ ಹಾಕಿದರು.

ಹರಿಹರದ ಮದುವೆಯಲ್ಲಿ ಮೊದಲ ಅರಿಶಿನ ಉಚ್ಚೆಂಗೆಮ್ಮನವರದೇ. ಸ್ವಾತಿ ಅವರ ಎರಡೂ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಇಬ್ಬರೂ ಅತ್ತರು. ಕಾಟಪ್ಪನವರನ್ನು ಮುಟ್ಟಿ ನೋಡಲು ಬಂದ ನೆಂಟರು ಸಾಲು ನಿಂತಿದ್ದರು.

ದಾವಣಗೆರೆಗೆ ಮರಳಿದ ಮೇಲೆ ಕಾಟಪ್ಪನವರು ಎಂದಿನಂತೆ ಒಬ್ಬರೇ ಚಪ್ಪಲಿ ಮೆಟ್ಟಿದರು. "ತಡೀರಿ, ನಾನೂ ಬಂದೆ" ಎಂದರು ಉಚ್ಚೆಂಗೆಮ್ಮ. "ನೀವೊಬ್ರೇ ಕೂತ್ರೆ ಒಂದು ಕಡೆ ಮುಚ್ಚಂಗಿಲ್ಲ." ಅಂದಿನಿಂದ ದಿನಾ ಸಂಜೆ ಇಬ್ಬರೂ ಅಲ್ಲಿ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಂಡಕ್ಕಿ, ನಡುವೆ ಆ ಹೆಸರು.

ಒಂದು ಸಂಜೆ ಚೌಡೇಶ್ ಪರಿಶೀಲನೆಗೆ ಬಂದರು. ಬೆಂಚಿನ ಮುಂದೆ ನಿಂತವರೇ ಗಂಭೀರರಾದರು.

"ಇದು ತಪ್ಪಾಗ್ತೈತಲ್ರೀ. ನೀವು ಎದ್ದಾಗ ನಿಯಮದ ಪ್ರಕಾರ ಐತೆ. ಕೂತಾಗ ಜೀವಂತ ಇರೋರ ಹೆಸರು ಕಾಣ್ತೈತೆ."

"ನಿಮ್ಮ ಲೆಕ್ಕದಾಗೆ ಆ ಹೆಸರು ಯಾರದ್ದು ಸಾಹೇಬ್ರೆ?" ಎಂದರು ಉಚ್ಚೆಂಗೆಮ್ಮ.

"ಇವರ ಅಜ್ಜನದ್ದು."

"ಅಜ್ಜ ಎದ್ದು ಬಂದಾನೇನು?"

ಚೌಡೇಶ್ ಯೋಚಿಸಿದರು. "ಆದ್ರೂ ಓದಿದೋರಿಗೆ ಹಂಗೆ ಅನ್ಸಲ್ಲ. ನೀವು ಒಂಚೂರು ಹತ್ರ ಹತ್ರ ಕೂತ್ರೆ..."

"ರಸ್ತೆ ಮ್ಯಾಲೆ ಹೋಗೋರು ಏನಂದಾರು!" ಎಂದು ಇಬ್ಬರೂ ಒಟ್ಟಿಗೆ ಅಂದರು. ಅಷ್ಟು ವರ್ಷಗಳಲ್ಲಿ ಅವರು ಒಟ್ಟಿಗೆ ಒಂದೇ ಮಾತು ಆಡಿದ್ದು ಅಪರೂಪ.

"ಮತ್ತೆ ಆ ಹೆಸರು ಹೆಂಗೆ ಮುಚ್ಚೋದು?"

"ನೀವೇ ನಡುವೆ ಕೂಡ್ರಿ" ಎಂದರು ಉಚ್ಚೆಂಗೆಮ್ಮ. "ಕೂರಬೋದಲ್ಲ?"

ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಚೌಡೇಶ್ ಹಿಂದೆ ಮುಂದೆ ನೋಡಿ, ಗಂಡ ಹೆಂಡತಿಯ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತರು. ಉಚ್ಚೆಂಗೆಮ್ಮ ಡಬ್ಬಿಯ ಮುಚ್ಚಳದಲ್ಲಿ ಮಂಡಕ್ಕಿ ಹಾಕಿ ಅವರ ಕೈಗಿಟ್ಟರು. ಅಷ್ಟು ಹೊತ್ತಿಗೆ ಯೋಗರಾಜರ ಹೆಂಡತಿ, ಪಾರ್ಕಿಗೆ ಮೊದಲ ಸಲ ಬಂದವರು, ಬೆಂಚಿನ ಹತ್ತಿರ ಬಂದು ಸಂಕೋಚದಿಂದ ನಿಂತರು. ಹೆಂಗಸರನ್ನು ಕಂಡು ಚೌಡೇಶ್ ಏಳಲು ಹೋದರು.

"ಕೂಡ್ರಿ, ಕೂಡ್ರಿ, ಏಳಬ್ಯಾಡ್ರಿ ಸಾಹೇಬ್ರೆ" ಎಂದು ಉಚ್ಚೆಂಗೆಮ್ಮ ಸೆರಗು ಎಳೆದುಕೊಂಡು ತಮ್ಮ ಪಕ್ಕ ಜಾಗ ಮಾಡಿಕೊಟ್ಟರು. "ನಮ್ಮ ಯಜಮಾನರದೇ ಬೆಂಚು."

ಚೌಡೇಶ್ ಏಳಲಿಲ್ಲ. ಎದ್ದರೆ ಹೆಸರು ಕಾಣುತ್ತಿತ್ತು.